ಹೆಸರಿಡುವ ಕಷ್ಟ

‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ’ ಎಂಬುದು ನಮ್ಮ ಗಾದೆ. ಹೆಸರಿಗೂ ಅದನ್ನು ಹೊತ್ತವರ ಬಾಳಿಗೂ ಹೊಂದಿಕೆಯಿರಬೇಕೆಂಬ ಕಟ್ಟಳೆಯೇನೂ ಈ ಲೋಕದಲ್ಲಿಲ್ಲ. ಕಥೆಯ ಲೋಕದಲ್ಲಿ ಮಾತ್ರ ಈ ವಿನಾಯಿತಿ ದೊರೆಯದು. ಅಲ್ಲಿ ಹೆಸರಿಡುವವರೂ ಬಾಳು ಕೊಡುವವರೂ ಒಬ್ಬರೇ ಆದುದರಿಂದ, ಹೊಂದದ ಹೆಸರಿಗೆ ಕಥೆಗಾರರೇ ಹೊಣೆ. ಮಕ್ಕಳಿಗೆ ಅನೇಕ ವರ್ಷ ಕನ್ನಡ ಕಲಿಸಿದ ನನಗೆ ಈ ಸಾಮಾನ್ಯ ಸಂಗತಿ ಮನವರಿಕೆಯಾದದ್ದು ನಿವೃತ್ತನಾದ ಮೇಲೆ, ನಾಗರಬಾವಿಯ ನಮ್ಮ ಮನೆಯ ವರಾಂಡದಲ್ಲಿ, ಐವರು ಹುಡುಗಿಯರ ಎದುರಿನಲ್ಲಿ.

ನನ್ನ ಮೊಮ್ಮಗಳೂ ಅವಳ ನಾಲ್ವರು ಗೆಳತಿಯರೂ ಬೇಸಿಗೆಯ ರಜೆಯಲ್ಲಿ ಚಿತ್ರಕಥೆಯೊಂದನ್ನು ರಚಿಸಲು ಹೊರಟಿದ್ದರು. ನಿತ್ಯ ಶಾಲೆಗೆ ಹೋಗುವ ಐವರು ಹುಡುಗಿಯರು ಆಪತ್ತು ಬಂದೊಡನೆ ಮಾಯಾಶಕ್ತಿ ತಳೆದು, ವೇಷ ಬದಲಿಸಿ, ಊರನ್ನು ಕಾಯುವ ಕಥೆ ಅದು. ಜಪಾನಿನ ಕಾರ್ಟೂನುಗಳನ್ನು ಕಂಡು ಹುಟ್ಟಿದ ಆಸೆ. ಉಡುಪು, ಆಯುಧ, ಕಿರೀಟಗಳೆಲ್ಲ ಬಣ್ಣ ತುಂಬಿಕೊಂಡು ಸಿದ್ಧವಾಗಿದ್ದುವು; ಹೆಸರಿನ ಜಾಗ ಮಾತ್ರ ಖಾಲಿಯಾಗಿತ್ತು.

“ತಾತ, ನೀನು ಕನ್ನಡ ಮೇಷ್ಟ್ರಲ್ವಾ? ಒಳ್ಳೇ ಹೆಸರು ಹೇಳು” ಎಂದಳು ಮೊಮ್ಮಗಳು.

ನಾನು ಉತ್ಸಾಹದಿಂದ ತೇಜಸ್ವಿನಿ, ಓಜಸ್ವಿನಿ, ಅಗ್ನಿಶಿಖೆ, ವಿದ್ಯುಲ್ಲತೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಹುಡುಗಿಯರು ಮುಖ ಮುಖ ನೋಡಿಕೊಂಡರು. ತೇಜಸ್ವಿನಿಯರು ಅವರ ತರಗತಿಯಲ್ಲೇ ಇಬ್ಬರಿದ್ದರಂತೆ. ಓಜಸ್ವಿನಿಯೂ ತೇಜಸ್ವಿನಿಯೂ ಒಂದೇ ಪುಟದಲ್ಲಿ ಬಂದರೆ ಯಾರು ಯಾರೆಂದು ತಿಳಿಯದಂತೆ. ಇನ್ನು ವಿದ್ಯುಲ್ಲತೆಯ ವಿಷಯ. “ಅವಳನ್ನ ಪೂರ್ತಿ ಕೂಗೋ ಹೊತ್ತಿಗೆ ರಾಕ್ಷಸ ನಮ್ಮನ್ನ ತಿಂದೇ ಬಿಟ್ಟಿರ್ತಾನೆ ತಾತ!” ಹೆಸರು ಮೊದಲು ಕೂಗುವುದಕ್ಕೆ, ಆಮೇಲೆ ಬರೆಯುವುದಕ್ಕೆ. ನಿಘಂಟನ್ನು ನೆಚ್ಚಿದ ನನಗೆ ಇದು ಹೊಳೆದಿರಲಿಲ್ಲ.

ಆಮೇಲೆ ಅವರೇ ನನಗೆ ಪಾಠ ಹೇಳಿದರು. ನಾವೊಕೊ ತಾಕೆಉಚಿ ಎಂಬಾಕೆ ಬರೆದ ‘ಸೈಲರ್ ಮೂನ್’ 1992ರಲ್ಲಿ ಜಪಾನಿನ ದೂರದರ್ಶನಕ್ಕೆ ಬಂದಿತು. ಅದರ ನಾಯಕಿ ತ್ಸುಕಿನೊ ಉಸಾಗಿ. ‘ತ್ಸುಕಿ’ ಎಂದರೆ ಚಂದ್ರ; ‘ನೊ’ ಎಂಬುದು ನಮ್ಮ ಷಷ್ಠೀ ವಿಭಕ್ತಿಯ ಕೆಲಸ ಮಾಡುವ ಪ್ರತ್ಯಯ; ‘ಉಸಾಗಿ’ ಎಂದರೆ ಮೊಲ. ಎಲ್ಲ ಸೇರಿ ‘ಚಂದ್ರನ ಮೊಲ’! ಚಂದ್ರನಲ್ಲಿ ಮೊಲವನ್ನು ಕಂಡು ಅವನನ್ನು ಶಶಿಯೆಂದೂ ಶಶಾಂಕನೆಂದೂ ಕರೆದ ನಾಡಿನವನಾದ ನನಗೆ ಅದನ್ನು ಕೇಳಿ ರೋಮಾಂಚವಾಯಿತು. ಅವಳ ಜತೆಗಾತಿಯರ ಮನೆತನದ ಹೆಸರುಗಳೂ ಇದೇ ಅಚ್ಚಿನವು. ಮಿಜುನೊ ಎಂದರೆ ನೀರಿನ, ಹಿನೊ ಎಂದರೆ ಬೆಂಕಿಯ, ಕಿನೊ ಎಂದರೆ ಮರದ. ಜಪಾನೀಯರು ಬುಧನನ್ನು ನೀರಿನ ನಕ್ಷತ್ರವೆಂದೂ, ಮಂಗಳನನ್ನು ಬೆಂಕಿಯ ನಕ್ಷತ್ರವೆಂದೂ, ಗುರುವನ್ನು ಮರದ ನಕ್ಷತ್ರವೆಂದೂ ಕರೆಯುತ್ತಾರೆ. ಆಯಾ ಗ್ರಹದ ಶಕ್ತಿಯೇ ಆಯಾ ಹುಡುಗಿಗೆ. ಹೆಸರು ಶಕ್ತಿಯ ಸುಳಿವು ಕೊಡುತ್ತದೆ. ಆದರೂ ಶಾಲೆಯ ಹಾಜರಿಯಲ್ಲಿ ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ.

ನನ್ನ ಸರದಿ ಬಂದಾಗ ನಾನು ಸಪ್ತಮಾತೃಕೆಯರ ಕಥೆ ಹೇಳಿದೆ. ಮಾಯಾಶಕ್ತಿಯ ಸ್ತ್ರೀಯರ ತಂಡವೆಂಬುದು ನಮಗೇನೂ ಹೊಸತಲ್ಲವಷ್ಟೆ. ಬಾದಾಮಿಯ ಚಲುಕ್ಯರು ತಾವು ಈ ಏಳು ತಾಯಂದಿರಿಂದ ಬೆಳೆದವರೆಂದು ಶಾಸನಗಳಲ್ಲಿ ಹೇಳಿಕೊಂಡರು. ಐಹೊಳೆಯ ರಾವಣಫಡಿಯ ಗುಹೆಯಲ್ಲಿ ಅವರು ಕುಣಿಯುವ ಶಿವನೊಡನೆ ನಿಂತಿದ್ದಾರೆ. ಬ್ರಾಹ್ಮಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ, ಇಂದ್ರಾಣಿ, ಚಾಮುಂಡೆ. ಇವರಲ್ಲಿ ಮೊದಲ ಆರು ಜನರ ಹೆಸರು ಬೇರೊಬ್ಬರ ಹೆಸರಿನಿಂದ ಬಂದದ್ದು. ಬ್ರಹ್ಮನಿಂದ ಬ್ರಾಹ್ಮಿ, ಕುಮಾರನಿಂದ ಕೌಮಾರಿ, ವಿಷ್ಣುವಿನಿಂದ ವೈಷ್ಣವಿ. ವಾಹನವೂ ಹಾಗೆಯೇ: ಕೌಮಾರಿಗೆ ನವಿಲು, ವೈಷ್ಣವಿಗೆ ಗರುಡ. ಏಳನೆಯವಳು ಮಾತ್ರ ಬೇರೆ. ಚಂಡ ಮುಂಡರೆಂಬ ದೈತ್ಯರನ್ನು ಕೊಂದುದರಿಂದ ಅವಳಿಗೆ ಚಾಮುಂಡೆಯೆಂಬ ಹೆಸರು ಸಂದಿತೆಂದು ದೇವೀಮಾಹಾತ್ಮ್ಯ ಹೇಳುತ್ತದೆ. ಆರು ಹೆಸರು ಪಡೆದುಕೊಂಡವು, ಒಂದು ಗಳಿಸಿದ್ದು. ಇಂದು ಮೈಸೂರಿನ ಬೆಟ್ಟದ ಮೇಲೆ ನಿಂತು ನಾಡಿನ ಬಾಯಲ್ಲೆಲ್ಲ ಇರುವವಳು ಆ ಏಳನೆಯವಳೇ.

“ಹಾಗಾದ್ರೆ ಹೆಸರಿಲ್ಲದೇ ಕಥೆ ಶುರು ಮಾಡ್ಬಹುದಾ?” ಎಂದು ಒಬ್ಬಳು ಕೇಳಿದಳು.

ಧಾರಾಳವಾಗಿ. ನಮ್ಮ ಅಜ್ಜಿಯರು ಹೇಳಿದ್ದು ಹಾಗೆಯೇ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಹೂವಿನ ಮರವಾಗಬಲ್ಲ ಹುಡುಗಿಯೊಬ್ಬಳಿದ್ದಾಳೆ. ಮಾಯೆ ಬಲ್ಲ ನಾಯಕಿಯರಲ್ಲಿ ಅವಳಷ್ಟು ಸುಕುಮಾರಿಯೂ ಅವಳಷ್ಟು ನೊಂದವಳೂ ಇನ್ನೊಬ್ಬಳಿಲ್ಲ; ಅವಳಿಗೆ ಹೆಸರೇ ಇಲ್ಲ. ಗಿರೀಶ ಕಾರ್ನಾಡರು ಅದೇ ಕಥೆಯನ್ನು 1992ರಲ್ಲಿ ಹಿಂದಿಯ ಚಲನಚಿತ್ರವಾಗಿಸಿದಾಗ ಅದಕ್ಕೆ ‘ಚೆಲುವಿ’ ಎಂದು ಹೆಸರಿಟ್ಟರು. ಹಿಂದಿಯ ಚಿತ್ರಕ್ಕೂ ಕನ್ನಡದ ಹಳ್ಳಿಯ ಹೆಸರೇ ಬೇಕಾಯಿತೆಂಬುದನ್ನು ವಾಚಕರು ಗಮನಿಸಬೇಕು.

ಹೆಸರೆಂಬುದು ಇಟ್ಟವರ ತೀರ್ಪೂ ಹೌದು. ಮೊರದಂಥ ಉಗುರಿನವಳೆಂಬ ಅರ್ಥದ ಶೂರ್ಪನಖಿಯನ್ನು ನಮ್ಮ ನಾಗಚಂದ್ರನು ಜೈನ ಪರಂಪರೆಯನ್ನನುಸರಿಸಿ ಚಂದ್ರನಖಿಯೆಂದು ಕರೆದನು. ಉಗುರು ಅದೇ, ನೋಡಿದ ಕಣ್ಣು ಬೇರೆ.

ಇಷ್ಟು ಹೇಳಿದವನಿಗೆ ಮಾತು ನಿಂತುಹೋಯಿತು. ನನ್ನ ಸೋದರತ್ತೆಯ ನೆನಪಾಯಿತು.

ಅತ್ತೆ ಆ ಮನೆಯಲ್ಲಿ ಹುಟ್ಟಿದ ಐದನೆಯ ಹೆಣ್ಣು. ಇನ್ನು ಹೆಣ್ಣು ಸಾಕು ಎಂಬ ಮೊರೆಯನ್ನು ದೇವರಿಗೆ ತಲುಪಿಸಲು ಹಿಂದಿನವರು ಮಗುವಿನ ಹೆಸರನ್ನೇ ಅರ್ಜಿಯಾಗಿ ಬರೆಯುತ್ತಿದ್ದುದುಂಟು. ಸಾಕಮ್ಮನೆಂಬ ಹೆಸರು ಎಷ್ಟೋ ಮನೆಗಳಲ್ಲಿ ಹೀಗೆ ಬಂದುದು. ಆ ಹೆಸರಿನವರು ಅದನ್ನು ಮೀರಿ ಬೆಳೆದದ್ದೂ ಉಂಟು. ಬಸವನಗುಡಿಯಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿದ ಸಾಕಮ್ಮನವರನ್ನು ಬೆಂಗಳೂರು ಮರೆತಿಲ್ಲ. ನಮ್ಮ ಅತ್ತೆಗೆ ಆ ಭಾಗ್ಯವಿರಲಿಲ್ಲ. ಊಟಕ್ಕೆ ಬಡಿಸುವಾಗ ಎಲ್ಲರೂ ‘ಸಾಕಾ?’ ಎಂದು ಕೇಳುತ್ತಾರೆ. ಅವಳು ಎಂದೂ ಹಾಗೆ ಕೇಳಿದವಳಲ್ಲ, ‘ಇನ್ನೊಂದಿಷ್ಟು ಹಾಕಲೇ?’ ಎನ್ನುತ್ತಿದ್ದಳು. ನನಗೆ ಹತ್ತು ವರ್ಷವಿದ್ದಾಗ, ನೆಂಟರ ಪಂಕ್ತಿಯಲ್ಲಿ ಕುಳಿತು, ಸಾರು ಬಡಿಸಲು ಬಗ್ಗಿದ ಅವಳಿಗೆ ಅವಳ ಹೆಸರು ಹಿಡಿದು “ಸಾಕಮ್ಮಾ, ಸಾಕು!” ಎಂದು ಕೂಗಿದೆ. ಪಂಕ್ತಿಯೆಲ್ಲ ನಕ್ಕಿತು. ಅತ್ತೆ ಸಾರಿನ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದಳು. ರಾತ್ರಿ ಎಂದಿನಂತೆ ನನಗೆ ಬಡಿಸಿದಳು, ಏನೂ ಅನ್ನಲಿಲ್ಲ. ನಾನೂ ಏನೂ ಕೇಳಲಿಲ್ಲ. ಕೇಳಬೇಕೆನಿಸಿದ ಕಾಲಕ್ಕೆ ಅವಳಿರಲಿಲ್ಲ.

ಇದನ್ನು ಹುಡುಗಿಯರಿಗೆ ಹೇಳಬೇಕೆಂದಿರಲಿಲ್ಲ, ಹೇಳಿಬಿಟ್ಟೆ. ಅವರು ಪುಸ್ತಕ ಮುಚ್ಚಿಕೊಂಡು ಸದ್ದಿಲ್ಲದೆ ಎದ್ದು ಹೋದರು.

ಮುಂದಿನ ಭಾನುವಾರ ಐವರೂ ಮತ್ತೆ ಬಂದರು. ಹೆಸರುಗಳು ತುಂಬಿದ್ದುವು. ಬೆಂಕಿಯವಳು ಕಿಡಿ. ನನ್ನ ವಿದ್ಯುಲ್ಲತೆ ಮಿಂಚು ಆಗಿದ್ದಳು. ಹಾರುವವಳು ಗರಿ. ಬಿಸಿಲಲ್ಲಿ ಬಂದವರಿಗೆ ನೆರಳಾಗುವವಳು ಹೊಂಗೆ. ಒಂದು ಇನ್ನೊಂದರಂತೆ ಕೇಳದ, ಬೀದಿಯ ಆ ತುದಿಯಿಂದಲೂ ಕೂಗಬಹುದಾದ ಹೆಸರುಗಳು. ತಂಡದ ಹೆಸರು ‘ಬಾವಿಕಟ್ಟೆಯ ಐವರು’. ಹಂತ, ಬ್ಲಾಕು, ಅಡ್ಡರಸ್ತೆಗಳ ಅಂಕಿಯಿಂದಲೇ ಮನೆಯನ್ನು ಗುರುತಿಸಬೇಕಾದ ಈ ಬಡಾವಣೆಯಲ್ಲಿ, ಊರಿನ ಹೆಸರಿನೊಳಗೆ ಅಡಗಿದ್ದ ಬಾವಿಗೆ ಅವರು ಒಂದು ಕಟ್ಟೆಯನ್ನು ಕಟ್ಟಿಸಿದ್ದರು.

ಐದನೆಯ ಚಿತ್ರದಲ್ಲಿ ಕಿರೀಟವನ್ನು ಅಳಿಸಿ ತುರುಬು ಬರೆದಿದ್ದರು. ಮಂತ್ರದಂಡದ ಬದಲು ಕೈಯಲ್ಲಿ ಸೌಟು. ಕೆಳಗೆ ದೊಡ್ಡ ಅಕ್ಷರಗಳಲ್ಲಿ ‘ಸಾಕಮ್ಮ’.

“ಇವಳೇ ಎಲ್ಲರಿಗಿಂತ ಜೋರು ತಾತ” ಎಂದಳು ಮೊಮ್ಮಗಳು. “ಇವಳು ‘ಸಾಕು’ ಅಂದ್ರೆ ಮುಗೀತು. ಬೆಂಕಿ ನಿಲ್ಲುತ್ತೆ, ಪ್ರವಾಹ ನಿಲ್ಲುತ್ತೆ, ರಾಕ್ಷಸಾನೂ ನಿಲ್ತಾನೆ. ಆಮೇಲೆ, ಸಾಕು ಅಂದ್ರೆ ಸಾಕಿ ಸಲಹೋದು ಅಂತಾನೂ ಅಲ್ವಾ? ಉಳಿದ ನಾಲ್ಕೂ ಜನಕ್ಕೆ ಊಟ ಹಾಕೋಳೂ ಇವಳೇ.”

ಐದೂ ಹೆಸರುಗಳನ್ನು ಗಟ್ಟಿಯಾಗಿ ಓದಿ ತೋರಿಸಬೇಕೆಂದು ಹುಡುಗಿಯರು ಹಟ ಹಿಡಿದರು. ಕನ್ನಡಕ ಒರೆಸಿಕೊಂಡು ಓದಿದೆ. ಕೊನೆಯ ಹೆಸರಿಗೆ ಬಂದಾಗ ಯಾರೂ ನಗಲಿಲ್ಲ.