ಕೋರ್ಸಿನ ಫೀ ಕಟ್ಟುವ ಮೊದಲು ಒಂದು ಪುಟ ಮಾಡಿ

"ಭಾಯ್, ರಿಯಾಕ್ಟ್ ಕಲೀಲೋ, ಆ್ಯಂಗ್ಯುಲರ್ ಕಲೀಲೋ?"

ಪುಣೆಯ ಸದಾಶಿವ ಪೇಠೆಯ ಮೆಸ್ಸೊಂದರಲ್ಲಿ ಊಟಕ್ಕೆ ಕೂತಿದ್ದಾಗ ಇಂಡಿ ತಾಲ್ಲೂಕಿನ ಹುಡುಗನೊಬ್ಬ ಹೀಗೆ ಕೇಳಿದ. ಈ ಪೇಠೆಯಲ್ಲಿ ಗಲ್ಲಿಗೊಂದು ಅಭ್ಯಾಸಿಕೆ, ಎರಡು ಮೆಸ್ಸು. ಎಂಪಿಎಸ್‌ಸಿ ಪರೀಕ್ಷೆಗೆ ಓದುವವರೇ ಹೆಚ್ಚು. ಅವರ ನಡುವೆ ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಕೋಡಿಂಗ್ ಕಲಿಯಲು ಬಂದವರೂ ಸಿಗುತ್ತಾರೆ. ಈ ಹುಡುಗ ಬಿಎಸ್ಸಿ ಮುಗಿಸಿದ್ದ. ಅವನ ಅಪ್ಪ ಸಾಲ ಮಾಡಿ ಒಂದು ಕ್ಲಾಸಿಗೆ ಅರ್ಧ ಫೀ ಕಟ್ಟಿದ್ದರು. ಆರು ವಾರದಲ್ಲಿ ಸಿನಿಮಾ ತೋರಿಸುವ ದೊಡ್ಡ ವೆಬ್‌ಸೈಟೊಂದರ ನಕಲನ್ನು ವಿಡಿಯೊ ನೋಡಿ ಮಾಡಿದ್ದ. ನೋಡಲು ಚಂದವೇ ಇತ್ತು. ಫಾರ್ಮಿನೊಳಗಿನ ಬಟನ್ ಒತ್ತಿದರೆ ಪುಟ ಯಾಕೆ ಮತ್ತೆ ಲೋಡ್ ಆಗ್ತದೆ ಅಂತ ಕೇಳಿದೆ. ಸುಮ್ಮನಾದ.

ತಪ್ಪು ಅವನದಲ್ಲ. ಹೊಸಬರಿಗೆ ಎಲ್ಲರೂ ಹೇಳುವುದು ಯಾವುದನ್ನು ಕಲಿಯಬೇಕು ಅಂತ. ಯಾರಿಗಾಗಿ ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ನಾನು ಅವನಿಗೆ ಹೇಳಿದ್ದು ಇಷ್ಟೇ: ಈ ಮೆಸ್ಸಿಗೆ ಒಂದು ಪುಟ ಮಾಡು. ಮೆಸ್ ನಡೆಸುವವರು ಜತ್ತ ತಾಲ್ಲೂಕಿನ ಕನ್ನಡದ ಹೆಂಗಸು, ಎಲ್ಲರೂ ಅವರನ್ನು ಮಾವಶಿ ಅನ್ನುತ್ತಾರೆ. ದಿನಾ ಬೆಳಿಗ್ಗೆ ಐವತ್ತು ಜನ ಫೋನ್ ಮಾಡಿ "ಇವತ್ತೇನು ಭಾಜಿ?" ಅಂತ ಕೇಳಿ ಅವರಿಗೆ ಸಾಕಾಗಿತ್ತು.

ಮೊದಲ ದಿನ ಬರೀ ಎಚ್‌ಟಿಎಂಎಲ್. ಇದು ಕಟ್ಟಡದ ಗೋಡೆ, ಕಂಬ ಇದ್ದ ಹಾಗೆ: ಇದು ಶೀರ್ಷಿಕೆ, ಇದು ಪಟ್ಟಿ, ಇದು ಕೋಷ್ಟಕ ಎಂದು ಬ್ರೌಸರಿಗೆ ತಿಳಿಸುತ್ತದೆ. 1990ರ ಸುಮಾರಿಗೆ ಟಿಮ್ ಬರ್ನರ್ಸ್ ಲೀ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಇದನ್ನು ರೂಪಿಸಿದ್ದು ವಿಜ್ಞಾನಿಗಳು ಮಾಹಿತಿ ಹಂಚಿಕೊಳ್ಳಲಿ ಅಂತ. ಮೆನು ಹಂಚಿಕೊಳ್ಳುವುದೂ ಅದೇ ಕೆಲಸ. ಫೋನ್ ನಂಬರನ್ನು ಬರೀ ಅಂಕಿಯಾಗಿ ಬಿಡದೆ, ಒತ್ತಿದರೆ ಕರೆ ಹೋಗುವಂಥ ಲಿಂಕ್ ಮಾಡಬೇಕು. ಇಂಥ ಸಣ್ಣ ಸಂಗತಿ ದೊಡ್ಡ ವೆಬ್‌ಸೈಟಿನ ನಕಲು ಮಾಡುವಾಗ ಹೊಳೆಯುವುದೇ ಇಲ್ಲ.

ಎರಡನೇ ದಿನ ಪೇಚಾಟ ಶುರುವಾಯಿತು. ಮಾವಶಿ ಹತ್ತಿರ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಹಳೆಯ ಮೆನು ಫೈಲ್ ಇತ್ತು, ಮರಾಠಿಯಲ್ಲೂ ಕನ್ನಡದಲ್ಲೂ. ಅದನ್ನು ಕಾಪಿ ಮಾಡಿ ಪುಟಕ್ಕೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡವು. ಕಾರಣ ಇಷ್ಟು: ಹಳೆಯ ಡಿಟಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ನಮ್ಮ ಅಕ್ಷರದ ಚಿತ್ರ ಕೂರಿಸಿಕೊಂಡಿರುತ್ತವೆ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. ಇದರಲ್ಲಿ ನಮ್ಮ ದೇಶದ ಪಾಲೂ ಇದೆ. ಇಸ್ಕಿ ಎಂಬ ಭಾರತೀಯ ಸಂಕೇತ ವ್ಯವಸ್ಥೆ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದರ 1988ರ ರೂಪವನ್ನೇ ಆಧಾರ ಮಾಡಿಕೊಂಡು ಯೂನಿಕೋಡಿನಲ್ಲಿ ಕನ್ನಡವೂ ಸೇರಿ ಭಾರತೀಯ ಲಿಪಿಗಳನ್ನು ಜೋಡಿಸಿದರು. ಅದೇ 1988ರಲ್ಲಿ ಹುಟ್ಟಿ, ಭಾರತೀಯ ಲಿಪಿಗಳಿಗಾಗಿ ವರ್ಷಗಟ್ಟಲೆ ದುಡಿದ ಸಿ-ಡ್ಯಾಕ್ ಇರುವುದೂ ಈ ಪುಣೆಯಲ್ಲೇ.

ಹುಡುಗ ಮೆನುವನ್ನು ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿದ. ಪುಟದ ತಲೆಯಲ್ಲಿ ಯುಟಿಎಫ್-8 ಎಂದು ಘೋಷಿಸಿದ. ಕನ್ನಡದ ಭಾಗಕ್ಕೆ ಭಾಷೆ ಕನ್ನಡ, ಮರಾಠಿಯದಕ್ಕೆ ಮರಾಠಿ ಎಂದು ಗುರುತು ಹಾಕಿದ. ಅಂಧರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಸರಿಯಾದ ದನಿ ಆರಿಸಲು ಇದು ಬೇಕು. ಆಮೇಲೆ ಒಂದು ತಮಾಷೆ ತೋರಿಸಿದೆ. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ. ಜಾವಾಸ್ಕ್ರಿಪ್ಟಿಗೆ ಅದರ ಉದ್ದ ಕೇಳಿ, ಆರು ಅನ್ನುತ್ತದೆ: ಸ, ವಿರಾಮ ಚಿಹ್ನೆ, ತ, ಮತ್ತೆ ವಿರಾಮ ಚಿಹ್ನೆ, ರ, ಈ-ಕಾರ. "ಹೆಸರು ಹತ್ತು ಅಕ್ಷರ ಮೀರಬಾರದು" ಅಂತ ಫಾರ್ಮಿನಲ್ಲಿ ನಿಯಮ ಹಾಕುವವರು ಇದನ್ನು ತಿಳಿದಿರಲಿ. ಕನ್ನಡದ ಹೆಸರು ಅರ್ಧಕ್ಕೇ ತುಂಡಾಗುತ್ತದೆ.

ಸಿಎಸ್‌ಎಸ್ ಅಂದರೆ ಅಲಂಕಾರ. ಮೆಸ್ಸಿನ ಹುಡುಗರೆಲ್ಲ ಪುಟ ನೋಡುವುದು ಫೋನಿನಲ್ಲಿ, ಅದರಲ್ಲೂ ಅಗ್ಗದ ಫೋನಿನಲ್ಲಿ. ವ್ಯೂಪೋರ್ಟ್ ಎಂಬ ಒಂದು ಸಾಲು ಮರೆತಿದ್ದಕ್ಕೆ ಇಡೀ ಪುಟ ಇರುವೆ ಗಾತ್ರಕ್ಕೆ ಕುಗ್ಗಿತ್ತು. ಅದು ಸರಿಯಾದ ಮೇಲೆ ಒತ್ತಕ್ಷರದ ಜಗಳ: ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂತರವನ್ನು ಅಕ್ಷರದ ಗಾತ್ರದ 1.7 ಪಟ್ಟು ಮಾಡಿದ ಮೇಲೆ ಮಾವಶಿ "ಹಾಂ, ಈಗ ಓದಾಕ ಬರ್ತದ" ಅಂದರು.

ಜಾವಾಸ್ಕ್ರಿಪ್ಟ್ ಬೇಕಾಗಿದ್ದು ಒಂದಕ್ಕೇ, ಇವತ್ತಿನ ವಾರ ನೋಡಿ ಇವತ್ತಿನ ಊಟ ತೋರಿಸಲು. ಅದರ ಲೆಕ್ಕದಲ್ಲಿ ಭಾನುವಾರ ಸೊನ್ನೆ. ಹುಡುಗ ಒಂದರಿಂದ ಎಣಿಸಿದ್ದ. ಭಾನುವಾರ ರಾತ್ರಿ ಮೆಸ್ ಬಂದ್. ಆದರೆ ಪುಟದ ಪ್ರಕಾರ ಬಂದ್ ಇದ್ದದ್ದು ಸೋಮವಾರ. ಹತ್ತು ಜನ ಭಾನುವಾರ ರಾತ್ರಿ ಬಾಗಿಲಿಗೆ ಬಂದು ಹಸಿದುಕೊಂಡು ವಾಪಸ್ ಹೋದರು, ಬೈದರು. ಸೊನ್ನೆಯಿಂದ ಎಣಿಸುವುದನ್ನು ಅವನು ಇನ್ನು ಮರೆಯಲಿಕ್ಕಿಲ್ಲ. ಯಾವ ಕ್ಲಾಸೂ ಇದನ್ನು ಹೀಗೆ ಕಲಿಸುವುದಿಲ್ಲ.

ಪುಟವನ್ನು ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟ, ಅದು ಪುಕ್ಕಟೆ. ಓದಲು ಮೊಜಿಲ್ಲಾದ ಎಂಡಿಎನ್, ಅಭ್ಯಾಸಕ್ಕೆ 2014ರಿಂದ ನಡೆಯುತ್ತಿರುವ ಫ್ರೀಕೋಡ್‌ಕ್ಯಾಂಪ್, ಇವೂ ಪುಕ್ಕಟೆಯೇ. ಇಂಡಿಯಲ್ಲೇ ಕೂತು ಇಷ್ಟನ್ನೂ ಮಾಡಬಹುದಿತ್ತು. ರೂಮಿನ ಬಾಡಿಗೆ, ಮೆಸ್ಸಿನ ಖರ್ಚು ಉಳಿಯುತ್ತಿತ್ತು. ಎಐ ಚಾಟ್‌ಬಾಟ್ ಕೋಡ್ ಬರೆದು ಕೊಡ್ತದಲ್ಲ ಅನ್ನುವಿರಿ. ಕೊಡ್ತದೆ. ಕೊಟ್ಟದ್ದನ್ನು ಓದಿ, ಅಳಿಸಿ, ನೋಡದೆ ಮತ್ತೆ ಬರೆಯಲು ಬಂದರೆ ಮಾತ್ರ ಅದು ನಿಮ್ಮದು.

ಕ್ಲಾಸೇ ಬೇಡ ಅಂತ ನಾನು ಹೇಳುವುದಿಲ್ಲ. ಜೊತೆಗಾರರು ಸಿಗುತ್ತಾರೆ, ಶಿಸ್ತು ಬರುತ್ತದೆ. ಆದರೆ "ಜಾಬ್ ಗ್ಯಾರಂಟಿ" ಅನ್ನುವ ಕಡೆ ಮೂರು ಮಾತು ಕೇಳಿ: ಕೆಲಸ ಸಿಗದಿದ್ದರೆ ಎಷ್ಟು ಹಣ ವಾಪಸ್, ಯಾವ ಷರತ್ತಿಗೆ, ಅದನ್ನು ಬರೆದು ಕೊಡುತ್ತೀರಾ? ಹಳೆಯ ವಿದ್ಯಾರ್ಥಿಗಳು ಮಾಡಿದ ಪುಟಗಳನ್ನು ತೋರಿಸಲು ಹೇಳಿ. ಎಲ್ಲವೂ ಒಂದೇ ವೆಬ್‌ಸೈಟಿನ ನಕಲಾಗಿದ್ದರೆ ಎದ್ದು ಬನ್ನಿ. ಫೀಯನ್ನು ಕಂತಿನಲ್ಲಿ ಕಟ್ಟಿ. ಕಂತು ಅಂತ ಹೇಳಿ ಸಾಲದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವವರೂ ಇದ್ದಾರೆ. ಓದದೆ ಅಪ್ಪನ ಕೈಯಲ್ಲಿ ಸಹಿ ಹಾಕಿಸಬೇಡಿ.

ನಮ್ಮ ಹುಡುಗ ಉಳಿದ ಅರ್ಧ ಫೀ ಕಟ್ಟಲಿಲ್ಲ. ರಿಯಾಕ್ಟ್ ಈಗ ಕಲಿಯುತ್ತಿದ್ದಾನೆ, ಬೇಗ ಅರ್ಥ ಆಗ್ತಿದೆ ಅನ್ನುತ್ತಾನೆ. ಕೆಲಸ ಇನ್ನೂ ಸಿಕ್ಕಿಲ್ಲ. ಎರಡು ಸಂದರ್ಶನಕ್ಕೆ ಹೋಗಿ ಬಂದ. ಎರಡೂ ಕಡೆ ಮೆಸ್ಸಿನ ಪುಟದ ಬಗ್ಗೆಯೇ ಹೆಚ್ಚು ಹೊತ್ತು ಕೇಳಿದರಂತೆ. ಹೋದ ವಾರ ಊರಿಗೆ ಹೋಗುವಾಗ ಸೊಲ್ಲಾಪುರ ದಾಟುವ ಹೊತ್ತಿಗೆ ಮಾವಶಿ ಫೋನ್ ಬಂತು: ಗ್ಯಾಸ್ ತುಟ್ಟಿ ಆಗೇತಿ, ರೇಟ್ ಬದಲಿ ಮಾಡು. ಬಸ್ಸಿನಲ್ಲೇ, ಫೋನಿನಲ್ಲೇ ಮಾಡಿದ.