ನೆರೆ ಇಳಿದರೂ ಇಳಿಯದ ಭಯ

ಆಷಾಢದ ಮಳೆ ಜಡಿಹಿಡಿದು ಸುರಿಯತೊಡಗಿತೆಂದರೆ ಪುಣೆಯ ಹಳಬರ ಮಾತು 1961ನೆಯ ಇಸವಿಯ ಜುಲೈ 12ರ ಕಡೆಗೆ ಹೊರಳುತ್ತದೆ. ಅಂದು ಪಾನಶೇತದ ಅಣೆಕಟ್ಟು ಒಡೆದು, ಅದರ ಕೆಳಗಿನ ಖಡಕವಾಸಲಾ ಕಟ್ಟೆಯೂ ಬಿರಿದು, ಮುಠಾ ನದಿಯು ಶನಿವಾರ, ನಾರಾಯಣ, ಕಸಬಾ ಪೇಟೆಗಳೊಳಗೆ ನುಗ್ಗಿತು. ಹಗಲಾದುದರಿಂದ ಅನೇಕರು ಓಡಿ ಜೀವ ಉಳಿಸಿಕೊಂಡರು. ನೀರು ಇಳಿಯಿತು, ಮನೆ ಕಳೆದುಕೊಂಡವರಿಗಾಗಿ ಗೋಖಲೆನಗರದಂತಹ ಬಡಾವಣೆಗಳೆದ್ದವು. ಆದರೆ ಅಂತಹ ನೀರಿನ ಸದ್ದು ಎಲ್ಲರ ಕಿವಿಯಿಂದಲೂ ಅಷ್ಟು ಬೇಗ ಇಳಿಯುವುದಿಲ್ಲ.

ಆ ಪ್ರಳಯವನ್ನು ಕಾಣದ ಕಿರಿಯರಿಗೆ 2010ರ ಫೆಬ್ರವರಿ 13ರ ಸಂಜೆ ನೆನಪಿರಬಹುದು. ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಬಾಂಬು ಸಿಡಿದು 17 ಮಂದಿ ಮಡಿದರು. ದಿನವಿಡೀ ಮೇಜುಗಳ ನಡುವೆ ಓಡಾಡುವ ನಮ್ಮವರಿಗೆ ಅದು ದೂರದ ಸುದ್ದಿಯಾಗಿರಲಿಲ್ಲ.

ಇಷ್ಟು ದೊಡ್ಡ ಅನಾಹುತವೇ ಆಗಬೇಕೆಂದಿಲ್ಲ. ಅಡುಗೆಮನೆಯಲ್ಲಿ ಸಿಲಿಂಡರು ಹೊತ್ತಿಕೊಂಡಾಗ ಎದುರಿಗಿದ್ದವನ ಸ್ಥಿತಿಯೂ ಇದೇ ಆಗಬಹುದು. ಸುಟ್ಟ ಗಾಯ ಮಾಯ್ದು ಕೆಲಸಕ್ಕೆ ಮರಳಿದ ಹುಡುಗ, ತಟ್ಟೆ ಬಿದ್ದ ಸದ್ದಿಗೆ ಬೆಚ್ಚುತ್ತಾನೆ. ಒಲೆಯ ಹತ್ತಿರ ಸುಳಿಯಲೊಲ್ಲನು. ನಡುರಾತ್ರಿ ಕಿರುಚಿ ಏಳುತ್ತಾನೆ. ಸಣ್ಣ ಮಾತಿಗೂ ಸಿಡುಕುತ್ತಾನೆ. ಊರಿನವರೊಡನೆ ಮಾತನಾಡುವುದನ್ನೇ ಬಿಡುತ್ತಾನೆ. ನಾವು ಅವನನ್ನು ಪುಕ್ಕಲನೆನ್ನುತ್ತೇವೆ, ಮೈಗಳ್ಳನೆನ್ನುತ್ತೇವೆ. ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತೇವೆ. ಲೆಕ್ಕ ಚುಕ್ತಾ ಮಾಡಿ ಊರಿನ ಬಸ್ಸು ಹತ್ತಿಸುವ ಯಜಮಾನರೂ ಉಂಟು.

ಇದು ಹೇಡಿತನವಲ್ಲ, ರೋಗ. ಮೊದಲ ಮಹಾಯುದ್ಧದ ಸಿಪಾಯಿಗಳಲ್ಲಿ ಇದನ್ನು ಕಂಡ ವೈದ್ಯರು ‘ಶೆಲ್ ಶಾಕ್’ ಎಂದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಇದನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿ ಇಂದಿನ ಹೆಸರನ್ನು ಕೊಟ್ಟಿತು. ಕನ್ನಡದಲ್ಲಿ ಆಘಾತೋತ್ತರ ಒತ್ತಡದ ವ್ಯಾಧಿ ಎನ್ನಬಹುದು. ಅಪಾಯ ಕಳೆದರೂ ಮೈಯೊಳಗಿನ ಎಚ್ಚರಿಕೆಯ ಗಂಟೆ ನಿಲ್ಲದೆ ಬಾರಿಸುತ್ತಿರುವುದೇ ಇದರ ಲಕ್ಷಣ. ನೆನಪು ಹಿಂದಿನದಾಗಿ ಬರುವುದಿಲ್ಲ. ಈಗಲೇ ನಡೆಯುತ್ತಿರುವಂತೆ ಬರುತ್ತದೆ.

ಆಘಾತವಾದ ಮೊದಲ ವಾರಗಳಲ್ಲಿ ಇಂತಹ ಭಯ ಸಹಜ. ಬಹಳ ಮಂದಿಗೆ ತಾನಾಗಿಯೇ ಅಡಗುತ್ತದೆ. ತಿಂಗಳು ಕಳೆದರೂ ಅಡಗದೆ ಊಟ, ನಿದ್ದೆ, ಕೆಲಸಗಳನ್ನು ಕೆಡಿಸಿದರೆ ವೈದ್ಯರನ್ನು ಕಾಣಲೇಬೇಕು. ಔಷಧಗಳುಂಟು, ನುರಿತವರ ಎದುರು ನಡೆದುದನ್ನು ಸ್ವಲ್ಪಸ್ವಲ್ಪವಾಗಿ ಹೇಳಿಕೊಂಡು ಹಗುರಾಗುವ ಚಿಕಿತ್ಸೆಯೂ ಉಂಟು. ಮದ್ಯ ಮಾತ್ರ ಮದ್ದಲ್ಲ. ಒಂದು ರಾತ್ರಿಯ ನಿದ್ದೆ ಕೊಟ್ಟು ರೋಗವನ್ನು ಬೆಳೆಸುತ್ತದೆ. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಮನೋರೋಗದ ವಿಭಾಗವಿದೆ. ಮರಾಠಿಯಲ್ಲಿ ಅಳಲು ತೋಡಿಕೊಳ್ಳಲು ತಡವರಿಸುವವರು 14416ಕ್ಕೆ ಫೋನು ಮಾಡಬಹುದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಈ ‘ಟೆಲಿ ಮಾನಸ್’ ಸೇವೆ ಉಚಿತ, ಕನ್ನಡದಲ್ಲಿಯೂ ದೊರೆಯುತ್ತದೆ.

ಯಜಮಾನರಲ್ಲಿ ನಮ್ಮದೊಂದು ವಿನಂತಿ: ಅಂತಹ ಹುಡುಗನನ್ನು ಕೆಲಕಾಲ ಒಲೆಯಿಂದ ಗಲ್ಲಾದ ಕಡೆಗೆ ಹಾಕಿರಿ, ಮನೆಗೆ ಅಟ್ಟಬೇಡಿರಿ. ಜೊತೆಗಾರರೂ ಬೆನ್ನ ಹಿಂದಿನಿಂದ ಬೆಚ್ಚಿಬೀಳಿಸಿ ನಗುವುದನ್ನು ಬಿಡಬೇಕು. ನಡೆದುದನ್ನು ಕೆದಕಿ ಕೇಳಲೂ ಬಾರದು. ನಡುರಾತ್ರಿ ಅವನು ಕಿರುಚಿ ಎದ್ದರೆ, ಬೈಯುವ ಮೊದಲು ದೀಪ ಹಾಕೋಣ. “ಇದು ನಮ್ಮ ಕೋಣೆ ಕಣಪ್ಪಾ, ನಾವೆಲ್ಲ ಇಲ್ಲೇ ಇದ್ದೇವೆ” ಎಂದು ಒಂದು ಲೋಟ ನೀರು ಕೊಡೋಣ. ಬೆಳಗಾದ ಮೇಲೆ ಆಸ್ಪತ್ರೆಗೆ ಅವನ ಜೊತೆಯಲ್ಲಿ ಒಬ್ಬರು ಹೋಗೋಣ.