ಡ್ರಾಯರ್ ಮೆಲ್ಲಗೆ ಮುಚ್ಚಿದರೆ ಸಾಕೇ?

ಕಳೆದ ವರ್ಷ ಸೋಂಪುರದ ನಮ್ಮ ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸಿದಾಗ ಅಮ್ಮಿ ಕೇಳಿದ್ದು ಒಂದೇ ಒಂದು. ರಂಜಾನ್ ತಿಂಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸೆಹರಿಗೆ ಅಡುಗೆ ಮಾಡುವಾಗ ಡ್ರಾಯರ್ ದಢಾರ್ ಎಂದು ಮುಚ್ಚಿಕೊಂಡು ಪಕ್ಕದ ಕೋಣೆಯ ನಾನಿಗೆ ಎಚ್ಚರವಾಗಬಾರದು. ಅಂಗಡಿಯಲ್ಲಿ 'ಸಾಫ್ಟ್ ಕ್ಲೋಸ್' ಚಾನಲ್ ತೋರಿಸಿದರು. ಕೈಯಿಂದ ತಳ್ಳಿ ನೋಡಿದೆವು, ಸದ್ದಿಲ್ಲದೆ ಮುಚ್ಚಿಕೊಂಡಿತು. ತಂದೆವು.

ಆರು ತಿಂಗಳಲ್ಲಿ ಕೆಳಗಿನ ದೊಡ್ಡ ಡ್ರಾಯರ್ ಮುಂದಕ್ಕೆ ಬಾಗಿತು. ಒಂದು ಸಂಜೆ ಅಮ್ಮಿ ಅದನ್ನು ಪೂರ್ತಿ ಎಳೆದಾಗ ಬಲಗಡೆಯ ಚಾನಲ್ ಸ್ಕ್ರೂ ಸಮೇತ ಕಿತ್ತು ಬಂದು, ಡ್ರಾಯರ್‌ನ ಮೂಲೆ ಅವರ ಪಾದದ ಮೇಲೆ ಬಿತ್ತು. ಅಲ್‌ಹಮ್ದುಲಿಲ್ಲಾಹ್, ಮೂಳೆ ಮುರಿಯಲಿಲ್ಲ. ಆದರೆ ಎರಡು ವಾರ ಅಡುಗೆ ನನ್ನ ಮತ್ತು ಅಬ್ಬಾರ ಪಾಲಿಗೆ ಬಂತು. ಆ ಎರಡು ವಾರದಲ್ಲಿ ನಾನು ಚಾನಲ್ ಬಗ್ಗೆ ಕಲಿತದ್ದು ಇಲ್ಲಿದೆ.

ಮೊದಲ ಪಾಠ: ಮೆಲ್ಲಗೆ ಮುಚ್ಚುವುದು ಬೇರೆ, ಭಾರ ಹೊರುವುದು ಬೇರೆ. ಸಾಫ್ಟ್ ಕ್ಲೋಸ್ ಚಾನಲ್‌ನ ಹಿಂಭಾಗದಲ್ಲಿ ಒಂದು ಸ್ಪ್ರಿಂಗ್ ಮತ್ತು ಒಂದು ಪುಟ್ಟ ಸಿಲಿಂಡರ್ ಇರುತ್ತವೆ. ಡ್ರಾಯರ್ ಮುಚ್ಚಲು ಕೊನೆಯ ಕೆಲವು ಸೆಂಟಿಮೀಟರ್ ಉಳಿದಾಗ ಸ್ಪ್ರಿಂಗ್ ಅದನ್ನು ಒಳಕ್ಕೆ ಎಳೆಯುತ್ತದೆ. ಸಿಲಿಂಡರ್ ಒಳಗಿನ ಪಿಸ್ಟನ್ ದಪ್ಪ ಎಣ್ಣೆಯನ್ನು ಕಿರಿದಾದ ದಾರಿಯಲ್ಲಿ ತಳ್ಳಬೇಕಾಗುವುದರಿಂದ ಓಟ ನಿಧಾನವಾಗುತ್ತದೆ. ನಾವು ಭೌತಶಾಸ್ತ್ರದಲ್ಲಿ ಓದಿದ ಸ್ನಿಗ್ಧತೆ ಇದೇ. ಎಷ್ಟು ಜೋರಾಗಿ ತಳ್ಳುತ್ತೇವೋ ಎಣ್ಣೆ ಅಷ್ಟೇ ಹೆಚ್ಚು ತಡೆ ಒಡ್ಡುತ್ತದೆ. ಆದರೆ ಡ್ರಾಯರ್‌ನ ಭಾರ ಹೊರುವುದು ಈ ಸಿಲಿಂಡರ್ ಅಲ್ಲ. ಒಂದರೊಳಗೊಂದು ಜಾರುವ ಮೂರು ಉಕ್ಕಿನ ಪಟ್ಟಿಗಳು, ಅವುಗಳ ನಡುವಿನ ಬಾಲ್ ಬೇರಿಂಗ್ ಮತ್ತು ಸ್ಕ್ರೂಗಳು. ಅಂಗಡಿಯಲ್ಲಿ ನಾವು ಪರೀಕ್ಷಿಸಿದ್ದು ಸಿಲಿಂಡರನ್ನು ಮಾತ್ರ.

ನಮ್ಮ ಚಾನಲ್‌ನ ಪ್ಯಾಕೆಟ್ ಮೇಲೆ 35 ಕೆ.ಜಿ. ಎಂದು ಬರೆದಿತ್ತು. ಸಾಲದೇ ಎಂದುಕೊಂಡು ಪಕ್ಕದ ದಿನಸಿ ಅಂಗಡಿಯವರ ತಕ್ಕಡಿ ಕೇಳಿ ತಂದು ಎಲ್ಲವನ್ನೂ ತೂಗಿದೆ. ಅಕ್ಕಿ ಡಬ್ಬ 12, ರಾಗಿ ಹಿಟ್ಟಿನ ಡಬ್ಬ 6, ಗೋಧಿ ಹಿಟ್ಟು 5, ಎಣ್ಣೆ ಕ್ಯಾನ್ ನಾಲ್ಕೂವರೆ, ಎರಡು ಕುಕ್ಕರ್ ಸೇರಿ 5, ಬಿರಿಯಾನಿಯ ದಪ್ಪ ತಳದ ದೇಗ್ಚಿ ನಾಲ್ಕೂವರೆ. ಒಟ್ಟು 37 ಕೆ.ಜಿ. ಕೊನೆಗೆ, ಕಳಚಿ ಬಿದ್ದಿದ್ದ ಖಾಲಿ ಪೆಟ್ಟಿಗೆಯನ್ನೂ ತಕ್ಕಡಿಗಿಟ್ಟೆ. ಮುಂಭಾಗದ ಹಲಗೆಯೂ ಸೇರಿ 13 ಕೆ.ಜಿ.! ಪ್ಲೈವುಡ್ ಪೆಟ್ಟಿಗೆಗೂ ತೂಕವಿದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. 35 ಕೆ.ಜಿ. ಚಾನಲ್ ಮೇಲೆ ನಾವು 50 ಕೆ.ಜಿ. ಹೇರಿದ್ದೆವು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಒಂದು ಚಾನಲ್‌ಗೆ 35, ಎರಡಕ್ಕೆ 70 ಎಂದು ಅಬ್ಬಾ ಲೆಕ್ಕ ಹಾಕಿದ್ದರು. ಪ್ಯಾಕೆಟ್ ಮೇಲಿನ ಅಂಕಿ ಜೋಡಿಗೆ ಸೇರಿದ್ದು. ಅದರಲ್ಲೂ ಐದನೇ ಒಂದು ಭಾಗವನ್ನು ಬಿಟ್ಟೇ ಲೆಕ್ಕ ಹಾಕುವುದು ಒಳ್ಳೆಯದು. ಡ್ರಾಯರ್‌ಗೆ ಕೈ ಊರಿ ಏಳುವವರು, ಅದರ ಮೇಲೆ ಹತ್ತುವ ಮಕ್ಕಳು ಎಲ್ಲ ಮನೆಯಲ್ಲೂ ಇರುತ್ತಾರೆ.

ಡ್ರಾಯರ್ ಮುಚ್ಚಿದ್ದಾಗ ಭಾರ ಕ್ಯಾಬಿನೆಟ್ ಒಳಗೇ ಇರುತ್ತದೆ. ನಮ್ಮ 20 ಇಂಚಿನ ಚಾನಲನ್ನು ಪೂರ್ತಿ ಎಳೆದಾಗ ಭಾರದ ಮಧ್ಯಬಿಂದು ಕ್ಯಾಬಿನೆಟ್ ಅಂಚಿನಿಂದ ಸುಮಾರು 25 ಸೆಂ.ಮೀ. ಮುಂದೆ ಬರುತ್ತದೆ. 50 ಕೆ.ಜಿ. ಎಂದರೆ 490 ನ್ಯೂಟನ್, 0.25 ಮೀಟರ್‌ನಿಂದ ಗುಣಿಸಿದರೆ ಟಾರ್ಕ್ ಸುಮಾರು 122 ನ್ಯೂಟನ್ ಮೀಟರ್. ಇದನ್ನೆಲ್ಲ ತಡೆಯಬೇಕಾದದ್ದು ಕ್ಯಾಬಿನೆಟ್‌ಗೆ ಹಾಕಿದ ಸ್ಕ್ರೂಗಳು. ನಮ್ಮ ಚಾನಲ್‌ನಲ್ಲಿ ಒಂದೊಂದು ಬದಿಗೆ ಎರಡೇ ಸ್ಕ್ರೂ ಹಾಕಿದ್ದರು, ಅದೂ ಪಾರ್ಟಿಕಲ್ ಬೋರ್ಡ್‌ಗೆ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಈ ಹಲಗೆಯಲ್ಲಿ ಸ್ಕ್ರೂ ಹಿಡಿತ ಕಡಿಮೆ, ತೇವ ತಗುಲಿದರೆ ಇನ್ನೂ ಕಡಿಮೆ. ಅಡುಗೆಮನೆಗೆ ನೀರು ತಡೆಯುವ ಬಿಡಬ್ಲ್ಯೂಪಿ ಪ್ಲೈವುಡ್ ಆಗಬೇಕು. ಅದರ ಮೇಲೆ ಐಎಸ್ 710 ಎಂಬ ಗುರುತು ಇದೆಯೇ ನೋಡಿ.

ಅಗಲದ ಮಾತೂ ಇದೆ. ನಮ್ಮ ಡ್ರಾಯರ್ 36 ಇಂಚು ಅಗಲ, ಆಳ ಬರೀ 20. ಇಂಥ ಅಗಲ ಡ್ರಾಯರನ್ನು ಒಂದು ಮೂಲೆ ಹಿಡಿದು ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಬೇರಿಂಗ್ ಸವೆಯುತ್ತದೆ. ಪೆಟ್ಟಿಗೆಯ ತಳಕ್ಕೆ ಕೂರುವ ಅಂಡರ್‌ಮೌಂಟ್ ಚಾನಲ್‌ಗಳು ಇದಕ್ಕೆ ಉತ್ತಮ. ಅವುಗಳಲ್ಲಿ 70 ಕೆ.ಜಿ. ಹೊರುವವೂ ಸಿಗುತ್ತವೆ. ಆದರೆ ಬೆಲೆ ಹೆಚ್ಚು, ಮತ್ತು ಪೆಟ್ಟಿಗೆಯನ್ನು ಅದರ ಅಳತೆಗೇ ಹೊಸದಾಗಿ ಮಾಡಿಸಬೇಕು.

ನಮಗೆ ಅಷ್ಟು ಖರ್ಚು ಸಾಧ್ಯವಿರಲಿಲ್ಲ. ಪಕ್ಕಕ್ಕೆ ಕೂರಿಸುವ 45 ಕೆ.ಜಿ. ಸಾಫ್ಟ್ ಕ್ಲೋಸ್ ಚಾನಲ್ ತಂದೆವು. ಹಳೆಯದರಂತೆ ಇದಕ್ಕೂ ಪ್ರತಿ ಬದಿಗೆ ಅರ್ಧ ಇಂಚು ಜಾಗ ಸಾಕಾದ್ದರಿಂದ ಪೆಟ್ಟಿಗೆ ಬದಲಿಸಬೇಕಾಗಲಿಲ್ಲ. ಬಡಗಿ ಕ್ಯಾಬಿನೆಟ್ ಒಳಬದಿಯ ಹಾಳಾದ ಭಾಗವನ್ನು ಕತ್ತರಿಸಿ ತೆಗೆದು, ಅಲ್ಲಿ ಅಷ್ಟೇ ದಪ್ಪದ ಪ್ಲೈವುಡ್ ಕೂರಿಸಿ, ಚಾನಲ್‌ನ ಎಲ್ಲ ತೂತುಗಳಿಗೂ ಸ್ಕ್ರೂ ಹಾಕಿದರು. ಅಕ್ಕಿ ನೆಲದ ಮೇಲಿನ ಡ್ರಮ್ಮಿಗೆ, ಎಣ್ಣೆ ಕ್ಯಾನ್ ಕಪಾಟಿಗೆ ಹೋಯಿತು. ಈಗ ಪೆಟ್ಟಿಗೆಯೂ ಸೇರಿ ಚಾನಲ್ ಮೇಲಿರುವುದು ಮೂವತ್ತಮೂರೂವರೆ ಕೆ.ಜಿ. ಹಿಟ್ಟಿನ ಪುಡಿ ಬೇರಿಂಗ್‌ಗೆ ಅಂಟದಂತೆ ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸುವುದು ನನ್ನ ಕೆಲಸ. ಅಡುಗೆ ಎಣ್ಣೆ ಮಾತ್ರ ಹಾಕಬೇಡಿ, ಪುಡಿ ಇನ್ನೂ ಅಂಟುತ್ತದೆ.

ನಿಮ್ಮ ಮನೆಯಲ್ಲಿ ಅಡುಗೆಮನೆ ಕೆಲಸ ನಡೆಯುತ್ತಿದ್ದರೆ, ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಮೂರು ಅಂಕಿ ಬರೆದುಕೊಳ್ಳಿ: ಪೆಟ್ಟಿಗೆಯೂ ಸೇರಿದ ಒಟ್ಟು ತೂಕ, ಡ್ರಾಯರ್‌ನ ಅಗಲ, ಕ್ಯಾಬಿನೆಟ್‌ನ ಒಳ ಆಳ. ಚಾನಲ್‌ನ ಭಾರದ ಅಂಕಿ ಕೇಳಿ, ಪ್ಯಾಕೆಟ್ ಮೇಲೆ ನೀವೇ ಓದಿ. ಮೆಲ್ಲಗೆ ಮುಚ್ಚುತ್ತದೆಯೇ ಎಂದು ಕೊನೆಯಲ್ಲಿ ನೋಡಿದರೆ ಸಾಕು.

ಈ ರಂಜಾನ್‌ನ ಮೊದಲ ಸೆಹರಿಯಲ್ಲಿ ಅಮ್ಮಿ ದೇಗ್ಚಿ ತೆಗೆದು ಡ್ರಾಯರ್ ತಳ್ಳಿದರು. ಸದ್ದಾಗಲಿಲ್ಲ. ನಾನಿಗೆ ಎಚ್ಚರವಾಗಲಿಲ್ಲ. ಆದರೂ ಅಮ್ಮಿ ಈಗಲೂ ಆ ಡ್ರಾಯರ್ ಎಳೆಯುವಾಗ ಪಾದವನ್ನು ಒಂದು ಹೆಜ್ಜೆ ಹಿಂದೆಯೇ ಇಡುತ್ತಾರೆ.